ಚಾಲಗೇಣಿ ಕಾರು

ನಮ್ಮ ಮನೆಯ ಗೋಡೆಗೂಡಿನಲ್ಲಿ, ಮಗುವಿಗೆ ಹಚ್ಚುವ ತೆಂಗಿನೆಣ್ಣೆಯ ಬಾಟಲಿಯ ಅಡಿಗೆ ಒಂದು ನುಣುಪು ಕಾಗದ ಹಾಸಿದ್ದೇನೆ. ಅದರಲ್ಲಿ ಒಂದು ಕೆಂಪು ಕಾರು ಹಿಮದ ಗುಡ್ಡದ ತುದಿಯಲ್ಲಿ ಒಂಟಿಯಾಗಿ ನಿಂತಿದೆ. ಡ್ರೈವರ್ ಇಲ್ಲ, ರಸ್ತೆಯೂ ಇಲ್ಲ. ಅದು ಅಲ್ಲಿಗೆ ಹತ್ತಿದ್ದು ಹೇಗೆ, ಇನ್ನು ಇಳಿಯುವುದು ಹೇಗೆ ಎಂದು ಚಿತ್ರ ತೆಗೆದವರು ಯೋಚಿಸಿದಂತಿಲ್ಲ. ಕಾರಿನ ಅಂಗಡಿಯವರು ಇಂಥ ಮೂರು ಕಾಗದ ಕೊಟ್ಟಿದ್ದರು. ಎಣ್ಣೆ ಹೀರುತ್ತದೆಯೇ ನೋಡಿದೆ, ಹೀರುವುದಿಲ್ಲ. ಮೀನು ಕಟ್ಟಿ ನೋಡಿದೆ, ನೀರೆಲ್ಲ ಹೊರಗೆ ಬಂತು. ಅಷ್ಟು ಖರ್ಚು ಮಾಡಿ ಕಾಗದ ತಯಾರಿಸಿ, ಅದು ಒಂದು ಬಂಗುಡೆಗೂ ಉಪಯೋಗಕ್ಕೆ ಬಾರದ ಹಾಗೆ ನೋಡಿಕೊಂಡಿದ್ದಾರಲ್ಲ, ಅದಕ್ಕೆಲ್ಲ ತುಂಬ ಓದಿರಬೇಕು. ನಾನು ಓದಿದ್ದು ಮೂರನೇ ಕ್ಲಾಸು.

ಕಾರಿನ ಕಥೆಗೆ ಹೋಗುವ ಮೊದಲು ಮುಖ್ಯ ಸಂಗತಿ ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಹೊಟ್ಟೆ ಒಡೆದೀತು. ನಾನು ಅಜ್ಜಿಯಾಗಿದ್ದೇನೆ. ನಮ್ಮೂರು ನಾವುಂದದವರು ಇದನ್ನು ಓದುತ್ತಿದ್ದರೆ ದಯಮಾಡಿ ಕ್ಷಮಿಸಬೇಕು, ನಿಮಗೆ ಇದು ನೂರನೇ ಸಲ. ಮೀನಿನವಳಿಗೆ ಹೇಳಿದ್ದೇನೆ, ಗ್ಯಾಸಿನ ಸಿಲಿಂಡರ್ ತರುವವನಿಗೆ ಹೇಳಿದ್ದೇನೆ, ದಾರಿ ತಪ್ಪಿ ನಮ್ಮ ಅಂಗಳಕ್ಕೆ ಬಂದ ಜನಗಣತಿಯ ಮೇಷ್ಟ್ರನ್ನು ಕೂರಿಸಿ ಚಾ ಕೊಟ್ಟು ಹೇಳಿದ್ದೇನೆ. ಮಗ ರಾಘುವಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಹೆಣ್ಣುಮಗು. ನಮ್ಮ ಊರಿನಲ್ಲಿ ಇಷ್ಟೊಂದು ಡಾಕ್ಟರುಗಳಿದ್ದಾರೆ ಎಂದು ನನಗೆ ಗೊತ್ತಾದದ್ದು ಆ ಒಂಬತ್ತು ವರ್ಷದಲ್ಲಿ. ಮದುವೆಮನೆಯ ಪಂಕ್ತಿಯಲ್ಲಿ ಬಲಗಡೆ ಕೂತವರು ಒಂದು ಔಷಧ ಹೇಳಿದರೆ ಎಡಗಡೆ ಕೂತವರು ಒಂದು ಹರಕೆ ಹೇಳುತ್ತಿದ್ದರು. ಸೊಸೆ ಜ್ಯೋತಿ ಪಾಯಸವನ್ನು ಎಲೆಯಲ್ಲೇ ಬಿಟ್ಟು ಏಳುತ್ತಿದ್ದಳು. ಈಗ ಅದೇ ಡಾಕ್ಟರುಗಳು ಬಂದು, ಮಗುವಿನ ಮೂಗು ಯಾರ ಹಾಗಿದೆ ಎಂದು ತೀರ್ಪು ಕೊಡುತ್ತಿದ್ದಾರೆ. ಕೊಡಲಿ. ಮೂಗು ನನ್ನ ಹಾಗಿದೆ.

ನನ್ನ ಮೊಮ್ಮಗಳು ಆಕಳಿಸುವುದನ್ನು ನೀವು ಕಂಡಿಲ್ಲ. ಪಾಪ, ನಿಮ್ಮ ನಸೀಬು. ಎಲ್ಲ ಮಕ್ಕಳೂ ಬಾಯಿ ತೆರೆದು ಆಕಳಿಸುತ್ತವೆ, ಇವಳು ಮೊದಲು ಹುಬ್ಬು ಗಂಟಿಕ್ಕಿ ಸ್ವಲ್ಪ ಯೋಚಿಸಿ ಆಮೇಲೆ ಆಕಳಿಸುತ್ತಾಳೆ. ಎಷ್ಟು ಬುದ್ಧಿ ನೋಡಿ.

ಹೆರಿಗೆ, ಬಾಣಂತನ ಎಲ್ಲ ಸೊಸೆಯ ತವರಿನಲ್ಲಿ, ಬ್ರಹ್ಮಾವರದಲ್ಲಿ ಆಯಿತು. ಐದನೇ ತಿಂಗಳಲ್ಲಿ ಒಳ್ಳೆಯ ದಿನ ನೋಡಿ ತಾಯಿ ಮಗುವನ್ನು ನಮ್ಮ ಮನೆಗೆ ಕರೆದುಕೊಂಡು ಬರುವುದೆಂದು ನಿಶ್ಚಯವಾಯಿತು. ಬ್ರಹ್ಮಾವರದಿಂದ ನಾವುಂದಕ್ಕೆ ಹೆದ್ದಾರಿಯಲ್ಲಿ ನೇರ ದಾರಿ, ಕಾಲುಗಂಟೆಗೊಂದು ಬಸ್ಸು. ಆದರೆ ನಮ್ಮ ಯಜಮಾನರಿಗೆ ಅಂದು ಏನು ಹೊಕ್ಕಿತೋ, ಚಾ ಲೋಟ ಕೆಳಗಿಟ್ಟು ಹೇಳಿದರು:

"ನನ್ ಮೊಮ್ಮಗ್ಳ್ ಬಸ್ಸಗ್ ಬಪ್ಪುದಿಲ್ಲೆ. ಸ್ವಂತ ಕಾರಗ್ ಬಪ್ಪುದ್."

ನಮ್ಮವರು ಮೂವತ್ತು ವರ್ಷ ಬೊಂಬಾಯಿಯಲ್ಲಿ ಬೇರೆಯವರ ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದವರು. ದಿನವಿಡೀ ಬೇರೆಯವರ ದುಡ್ಡು ಎಣಿಸಿ ಎಣಿಸಿ, ಜಗತ್ತಿನಲ್ಲಿ ಏನು ಬೇಕಾದರೂ ಗಲ್ಲೆಯ ಮೇಲೆ ನೋಟು ಬಡಿದು ಕೊಳ್ಳಬೇಕು ಎಂಬ ಧೋರಣೆ ಬಂದುಬಿಟ್ಟಿದೆ. ನೋಟು ಮಾತ್ರ ಬರಲಿಲ್ಲ.

ರಾಘುವಿನದು ಬೈಂದೂರಿನಲ್ಲಿ ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ. ಅವನು ಫೋನಿನಲ್ಲಿ ಒತ್ತಿ ಒತ್ತಿ ನೋಡಿ, "ಲೋನ್ ತಕಂಬ ಅಪ್ಪಯ್ಯ. ಏಳ್ ವರ್ಷ. ತಿಂಗ್ಳಿಗೊಂದ್ ಕಂತ್. ಹೋದ್ದೇ ಗೊತ್ತಾತಿಲ್ಲೆ," ಎಂದ.

"ನಿಂಗ್ ಗೊತ್ತಾತಿಲ್ಲೆ. ಬ್ಯಾಂಕಿನವ್ರಿಗ್ ಸಮಾ ಗೊತ್ತಾತ್ತ್," ಎಂದರು ಇವರು. "ಸಾಲದ್ ಕಾರಗೆ ನನ್ ಮೊಮ್ಮಗ್ಳ್ ಕೂಕಂಬುದಿಲ್ಲೆ."

"ಅದ್ ಕೂಕಂಬುಕೆ ಇನ್ನೂ ಎರಡ್ ತಿಂಗ್ಳ್ ಇತ್ತ್. ಈಗ ಮನಿಕಂಡೇ ಇಪ್ಪುದ್," ಎಂದೆ ನಾನು.

ಇಬ್ಬರೂ ನನ್ನ ಮುಖ ನೋಡಿದರು. ಗಂಡಸರು ಕಾರಿನ ಮಾತಾಡುವಾಗ ಹೆಂಗಸರು ಹೇಳುವ ಸತ್ಯ ಸಂಗತಿಗೆ ಬೆಲೆ ಕಡಿಮೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಏಳು ವರ್ಷದ ಕಂತು ಮುಗಿಯುವ ಹೊತ್ತಿಗೆ ಮಗು ಎರಡನೇ ಕ್ಲಾಸಿನಲ್ಲಿರುತ್ತದೆ. ನನ್ನಷ್ಟು ವಿದ್ಯಾವಂತೆಯಾಗಲು ಇನ್ನೊಂದೇ ಕ್ಲಾಸು ಬಾಕಿ. ಅಲ್ಲಿಯ ತನಕ ಕಾರು ಬ್ಯಾಂಕಿನದು, ಮಗು ಮಾತ್ರ ನಮ್ಮದು.

ರಾಘು ಬ್ಯಾಂಕಿಗೂ ಹೋಗಿ ಬಂದ. ಅವರು ಅಂಗಡಿಯ ಮೂರು ವರ್ಷದ ಲೆಕ್ಕಪತ್ರ ತನ್ನಿ ಎಂದರಂತೆ. ಇವನ ಅಂಗಡಿಯ ಲೆಕ್ಕಪತ್ರವೆಲ್ಲ ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಇದೆ. ಗೋಡೆ ಕಿತ್ತುಕೊಂಡು ಹೋಗಲು ಆಗಲಿಲ್ಲ. ಸಾಲದ ದಾರಿ ಅಲ್ಲಿಗೆ ಮುಚ್ಚಿತು.

"ನಂಗ್ ಮೊದ್ಲೇ ಗೊತ್ತಿತ್ತ್," ಎಂದರು ನಮ್ಮವರು, ಗೆದ್ದವರ ಹಾಗೆ. "ನಗದೇ ಸೈ. ರಸ್ತಿ ಬದಿ ಗದ್ದೆ ಕೊಟ್ರಾಯ್ತ್."

ರಸ್ತೆ ಬದಿಯ ಗದ್ದೆ ಎಂದರೆ ನನ್ನ ಗದ್ದೆ. ಬರೀ ಹತ್ತು ಸೆಂಟ್ಸ್ ಜಾಗ, ನಾವುಂದದ ಬಸ್ ಸ್ಟಾಪಿಗೆ ತಾಗಿಕೊಂಡೇ ಇದೆ. ನನ್ನ ಅಪ್ಪಯ್ಯ ನನ್ನ ಹೆಸರಿಗೆ ಬರೆದುಕೊಟ್ಟದ್ದು. ಮಳೆಗಾಲದಲ್ಲಿ ಭತ್ತ, ಆಮೇಲೆ ನೆಲಗಡಲೆ. ಅದರಿಂದ ನಾವು ಶ್ರೀಮಂತರಾಗಿದ್ದೇವೆ ಎಂದಲ್ಲ. ನೆಲಗಡಲೆಯಲ್ಲಿ ಅರ್ಧ ನವಿಲಿಗೆ, ಕಾಲು ಬಸ್ಸು ಕಾಯುವವರಿಗೆ. ಉಳಿದ ಕಾಲಿನಲ್ಲಿ ನಾನು ರಾಣಿ.

ಅಷ್ಟರಲ್ಲಿ ಬ್ರಹ್ಮಾವರದಿಂದ ಸೊಸೆಯ ಅಣ್ಣ ಪ್ರಕಾಶನ ಫೋನು ಬಂತು. ಅವನು ಮಣಿಪಾಲದಲ್ಲಿ ಯಾವುದೋ ಆಫೀಸಿನಲ್ಲಿರುವವನು, ಎಲ್ಲ ಸಂಗತಿಯಲ್ಲೂ ಅವನಿಗೆ ಒಂದು ಮೂರನೇ ದಾರಿ ಗೊತ್ತಿರುತ್ತದೆ.

"ಮಾವ, ಸಾಲವೂ ಬ್ಯಾಡ, ನಗದೂ ಬ್ಯಾಡ. ಲೀಸಿಗ್ ತಕಣಿ. ಕಾರ್ ನಿಮ್ದಲ್ಲ, ಆರೆ ನಿಮ್ಮನಿಯಗೇ ಇರತ್ತ್. ತಿಂಗ್ಳ್ ತಿಂಗ್ಳ್ ಇಷ್ಟ್ ಅಂತ ಕೊಡುದ್, ಓಡ್ಸುದ್. ನಾಲ್ಕ್ ವರ್ಷ ಕಳ್ದ್ ವಾಪಸ್ ಕೊಡುದ್."

ನಾನು ಫೋನಿನ ಹತ್ತಿರ ಬಗ್ಗಿ ಕೇಳಿದೆ: "ಅಂದ್ರೆ ಗೇಣಿಯಾ ಪ್ರಕಾಶ?"

"ಹ್ಞಾಂ ಅತ್ತೆ. ಒಂದ್ ನಮೂನಿ ಗೇಣಿಯೇ."

ಗೇಣಿ. ಈ ಒಂದು ಶಬ್ದ ಕೇಳಿದ್ದೇ ತಡ, ನನ್ನ ತಲೆಯೊಳಗೆ ಅರವತ್ತು ವರ್ಷ ಹಿಂದಿನ ಬಾಗಿಲು ತೆರೆಯಿತು.

ನಾವು ಚಿಕ್ಕವರಿದ್ದಾಗ ಮಾಡುತ್ತಿದ್ದ ಗದ್ದೆಯೆಲ್ಲ ಒಡೆಯರದ್ದು, ಬೆವರು ಮಾತ್ರ ನಮ್ಮದು. ಗೇಣಿಯಲ್ಲಿ ಎರಡು ಜಾತಿ. ಮೂಲಗೇಣಿ ಅಂದರೆ ಅಜ್ಜನಿಂದ ಮೊಮ್ಮಗನ ತನಕ ಯಾರೂ ಎಬ್ಬಿಸುವಂತಿಲ್ಲ. ಚಾಲಗೇಣಿ ಅಂದರೆ ಒಡೆಯರಿಗೆ ಬೆಳಿಗ್ಗೆ ಅಜೀರ್ಣವಾದರೂ ಸಾಕು, ಸಂಜೆಗೆ ಗದ್ದೆ ಬೇರೆಯವರಿಗೆ. ನಮ್ಮದು ಚಾಲಗೇಣಿ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಒಡೆಯರ ಹೊಟ್ಟೆಯ ಆರೋಗ್ಯಕ್ಕಾಗಿ ಬೇಡಿಕೊಳ್ಳುತ್ತಿದ್ದೆವು.

ಕೊಯ್ಲು ಮುಗಿದ ಮೇಲೆ ಅಪ್ಪಯ್ಯ ಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಗಳನ್ನು ಗಾಡಿಗೆ ಹೇರಿ ಒಡೆಯರ ಮನೆಗೆ ಹೊರಡುವರು. ಗಾಡಿಯ ಹಿಂದೆ ನಾನು, ತಲೆಯ ಮೇಲೆ ಸೌತೆಕಾಯಿಯ ಬುಟ್ಟಿ. ಅಕ್ಕಿ ಗೇಣಿಯ ಲೆಕ್ಕಕ್ಕೆ, ಸೌತೆಕಾಯಿ ಪ್ರೀತಿಗೆ. ಆ ಪ್ರೀತಿ ಒಂದು ವರ್ಷ ಕಡಿಮೆಯಾದರೆ ಮರುವರ್ಷ ಅದರ ಪರಿಣಾಮ ಗೊತ್ತಾಗುತ್ತಿತ್ತು.

ಒಡೆಯರ ಮನೆಯ ಮಾಡಿನ ಕೆಳಗೆ ಒಂದು ಕರಿ ಕಾರು ನಿಂತಿರುತ್ತಿತ್ತು. ಅದನ್ನು ಓಡಿಸಿದ್ದನ್ನು ನಾನು ಕಂಡಿಲ್ಲ, ಒರೆಸುವುದನ್ನು ಕಂಡಿದ್ದೇನೆ. ಒಡೆಯರು ನಡೆದೇ ಹೋಗುತ್ತಿದ್ದರು, ಕಾರು ಮಾತ್ರ ನೆರಳಿನಲ್ಲಿ ಆರಾಮ. ಒಂದು ವರ್ಷ ನಾನು ಮೆಲ್ಲಗೆ ಹೋಗಿ ಅದರ ಮುಂದಿನ ದೀಪ ಮುಟ್ಟಿದೆ. ಗಾಜು ತಣ್ಣಗಿತ್ತು. ಒಡೆಯರ ಹೆಂಡತಿ ಜಗಲಿಯಿಂದಲೇ, "ಎಂತ ಹೆಣೆ, ಅದ್ರ್ ಕಣ್ಣ್ ಕೀಳ್ತ್ಯಾ?" ಎಂದರು. ಹಾಗೆಂದು ಕೆಟ್ಟವರಲ್ಲ, ಆಮೇಲೆ ಬೆಲ್ಲ ನೀರು ಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದೆ: "ಅಪ್ಪಯ್ಯ, ಆ ಕಾರ್ ಯಾರ ಗೇಣಿ?"

ಅಪ್ಪಯ್ಯ ಗಾಡಿ ನಿಲ್ಲಿಸಿ ನಕ್ಕರು. ನನಗೆ ನಗುವಂಥದ್ದೇನೂ ಕಾಣಲಿಲ್ಲ. ನಮ್ಮ ಗದ್ದೆ ಗೇಣಿ, ಮನೆ ಕಟ್ಟಿದ ಜಾಗ ಗೇಣಿ, ಅದರ ಮೇಲಿನ ನಾಲ್ಕು ತೆಂಗಿನಮರ ಗೇಣಿ. ಹೀಗಿರುವಾಗ ಕಾರು ಮಾತ್ರ ಗೇಣಿಯಲ್ಲದೆ ಇರುವುದು ಹೇಗೆ?

ಆಮೇಲೆ ಕಾನೂನು ಬಂತು. ಗೇಣಿಗೆ ಮಾಡುವವನು ಡಿಕ್ಲರೇಶನ್ ಹಾಕಿದರೆ ಭೂಮಿ ಅವನದೇ ಆಗುತ್ತದೆ ಎಂದರು. ಅಪ್ಪಯ್ಯನೂ ಹಾಕಿದರು. ಗದ್ದೆ ಯಾರು ಮಾಡುವುದೆಂದು ನೋಡಲು ಸರಕಾರದವರು ಬಂದ ದಿನ ಅಪ್ಪಯ್ಯ ಚಳಿಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದರು. ಅಬ್ಬೆಗೆ ಪರ ಗಂಡಸರ ಎದುರು ಮಾತು ಹೊರಡುವುದಿಲ್ಲ. ಹಾಗಾಗಿ ಹದಿನೇಳು ವರ್ಷದ ನಾನು ಗದ್ದೆಯ ಅಂಚಿನಲ್ಲಿ ನಿಂತೆ.

"ಇದ್ ಯಾರ್ ಮಾಡುದ್?" ಎಂದು ಕೇಳಿದರು ಅಧಿಕಾರಿ.

"ನಾವೇ."

"ನೀವೇ ಅಂತ ಹ್ಯಾಂಗ್ ನಂಬುದ್?"

ನಾನು ಸ್ವಲ್ಪ ಯೋಚಿಸಿ ಹೇಳಿದೆ: "ಮೂಡ್ ಬದಿ ಅಂಚ್ ಸೋರ್ತತ್ತ್. ಎಷ್ಟ್ ಮೆತ್ತಿರೂ ಮೂರ್ ದಿನಕ್ ಅಲ್ಲೇ ತೂತ್ ಆತ್ತ್. ನೀವ್ ನಿಂತದ್ದ್ ಅಲ್ಲೇ."

ಅವರ ಚಪ್ಪಲಿ ಅಷ್ಟರಲ್ಲಿ ಕೆಸರಿನೊಳಗೆ ಹೋಗಿಯಾಗಿತ್ತು. ಬೇರೆ ಸಾಕ್ಷಿ ಕೇಳಲಿಲ್ಲ. ಗದ್ದೆ ನಮ್ಮದಾಯಿತು. ನನ್ನ ಮದುವೆಯ ಮೇಲೆ ಅಪ್ಪಯ್ಯ ಆ ತುಂಡನ್ನು ನನಗೇ ಬರೆದರು. "ಇದ್ ನೀ ಹೇಳಿ ಬಂದ ಗದ್ದೆ," ಎಂದಿದ್ದರು. ನಾನು ಜೀವಮಾನದಲ್ಲಿ ಪಾಸಾದ ಪರೀಕ್ಷೆ ಅದೊಂದೇ.

ಇಷ್ಟು ಹೇಳಿದ್ದು ಯಾಕೆಂದರೆ, ಪ್ರಕಾಶ ಲೀಸ್ ಎಂದ ಕ್ಷಣದಲ್ಲಿ ನನಗೆ ಎಲ್ಲ ಬೆಳಕು ಬೆಳಕಾಗಿ ಕಂಡಿತು. ಲೀಸ್ ಅಂದರೆ ಗೇಣಿ. ಗೇಣಿ ಅಂದರೆ ಕೊನೆಗೆ ಡಿಕ್ಲರೇಶನ್. ನಾಲ್ಕು ವರ್ಷ ಕಾರು ಓಡಿಸುವುದು, ಆಮೇಲೆ ಅರ್ಜಿ ಹಾಕುವುದು. ಉಳುವವನಿಗೆ ಭೂಮಿ ಕೊಟ್ಟ ಸರಕಾರ ಓಡಿಸುವವನಿಗೆ ಕಾರು ಕೊಡದೆ ಇದ್ದೀತೇ? ಕಾರೂ ಬಂತು, ಗದ್ದೆಯೂ ಉಳಿಯಿತು. ಇಷ್ಟು ಸುಲಭದ ಉಪಾಯ ಮನೆಯಲ್ಲಿ ನನಗೊಬ್ಬಳಿಗೇ ಹೊಳೆದದ್ದು ನೋಡಿ ನನ್ನ ಬಗ್ಗೆ ನನಗೇ ಗೌರವ ಬಂತು. ಯಾರಿಗೂ ಹೇಳಲಿಲ್ಲ. ಕಾರಿನ ಅಂಗಡಿಯಲ್ಲೇ ಹೇಳಿ ಎಲ್ಲರನ್ನೂ ಬೆರಗುಗೊಳಿಸುವುದು ಎಂದುಕೊಂಡೆ.

ಬೆರಗಾದದ್ದು ನಿಜ.

ಕುಂದಾಪುರದ ಆ ಅಂಗಡಿಯೊಳಗೆ ಹೋದರೆ ಮಾಘದ ಬೆಳಗಿನ ಚಳಿ. ಕಾರುಗಳಿಗೆ ಸೆಕೆಯಾಗಬಾರದಲ್ಲ. ನೆಲ ಎಷ್ಟು ನುಣುಪೆಂದರೆ ನಮ್ಮವರು ಚಪ್ಪಲಿ ಹೊರಗೆ ಬಿಟ್ಟರು, ಕಾವಲಿನವನು ಓಡಿಬಂದು ಅದನ್ನು ಒಳಗೆ ತಂದುಕೊಟ್ಟ. ಒಬ್ಬಳು ಹುಡುಗಿ ಅಂಗೈಯಷ್ಟು ದೊಡ್ಡ ಬಾಟಲಿಯಲ್ಲಿ ನೀರು ಕೊಟ್ಟು, "ಆಂಟಿ, ನಿಮಗೆ ಯಾವ ಕಲರ್ ಇಷ್ಟ?" ಎಂದಳು. ಕಾರು ಬಂದರೆ ಹಿಂದಿನ ಸೀಟಿನ ಮೂಲೆಯಲ್ಲಿ ಚೀಲದ ಜೊತೆ ಕೂರುವವಳು ನಾನು, ನನ್ನ ಹತ್ತಿರ ಬಣ್ಣ ಕೇಳಿದ್ದು ಖುಷಿಯಾಯಿತು.

"ಬಣ್ಣ ಕಡೀಗ್ ಹೇಳ್ತೆ. ಲೀಸಿಗ್ ಕೊಡ್ತ್ರ್ಯಲೆ, ಅದ್ ಚಾಲಗೇಣಿಯಾ ಮೂಲಗೇಣಿಯಾ?" ಎಂದು ಕೇಳಿದೆ.

ಹುಡುಗಿ ಕಂಪ್ಯೂಟರ್ ನೋಡಿದಳು. ಅಷ್ಟು ದೊಡ್ಡ ಕಂಪ್ಯೂಟರಿಗೂ ಗೊತ್ತಿರಲಿಲ್ಲ. ಅವಳು ಒಳಗಿನ ಕೋಣೆಯಿಂದ ಮ್ಯಾನೇಜರನ್ನು ಕರೆತಂದಳು. ಐವತ್ತರ ಆಸುಪಾಸಿನ ಬೋಳುತಲೆಯ ಗೃಹಸ್ಥರು, ನಗುಮುಖ.

"ಎಂತ ಕೇಂಡದ್ದಮ್ಮ ನೀವ್?"

"ಲೀಸಿನ್ ಕಾರ್ ಎಷ್ಟ್ ವರ್ಷ ಓಡ್ಸ್ರ್ ಮೇಲೆ ಡಿಕ್ಲರೇಶನ್ ಹಾಕೂಕಾತ್ತ್?"

ಅವರ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ಎದುರಿನ ಕುರ್ಚಿ ಎಳೆದು ಕೂತರು. "ಅಮ್ಮ, ನಮ್ಮ ಅಜ್ಜಯ್ಯನ ಎಪ್ಪತ್ತ್ ಮುಡಿ ಗೇಣಿ ಬಪ್ಪ ಗದ್ದೆ ಹಾಂಗೇ ಹೋದ್ದ್. ಅದ್ರ್ ಬೇಜಾರಗೇ ನಮ್ಮಪ್ಪಯ್ಯ ನಂಗ್ ಓದ್ಸಿ ಇಲ್ಲಿ ತಂದ್ ಕೂರ್ಸದ್ದ್. ಈಗ ಕಾರೂ ಹೋಯ್ಕಾ?"

ರಾಘು ಮುಖಕ್ಕೆ ನುಣುಪು ಕಾಗದ ಅಡ್ಡ ಹಿಡಿದ. ನಮ್ಮವರು ಮೇಲಿನ ಫ್ಯಾನು ನೋಡತೊಡಗಿದರು, ಅಲ್ಲಿ ಫ್ಯಾನೇ ಇರಲಿಲ್ಲ.

"ನಿಮ್ಗ್ ಸಾಲ ಬೇಕಾ, ಓಡಾಡಿ ಕೊಡ್ಸ್ತೆ," ಎಂದರು ಮ್ಯಾನೇಜರು. "ನಗದ್ ಕೊಡ್ತ್ರ್ಯಾ, ಕೈ ಮುಗ್ದ್ ತಕಂತೆ. ಲೀಸ್ ಮಾತ್ರ ನಿಮ್ಗ್ ಕೊಡೂಕೆ ನಂಗ್ ಧೈರ್ಯ ಇಲ್ಲೆ."

ಆಮೇಲೆ ಸಮಾಧಾನದಲ್ಲಿ ವಿವರಿಸಿದರು. ಲೀಸು ಹೆಚ್ಚಾಗಿ ಕಂಪೆನಿಯವರು ಮಾಡಿಕೊಳ್ಳುವುದಂತೆ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಓಡಿಸಬೇಕಂತೆ. ಹಿಂದೆ ಕೊಡುವಾಗ ಒಂದೊಂದು ಗೀರು ನೋಡುತ್ತಾರಂತೆ. ಎಷ್ಟು ವರ್ಷವಾದರೂ ಕಾರು ಅವರದೇ. ನಮ್ಮ ಒಡೆಯರು ಎಷ್ಟೇ ಕಟ್ಟುನಿಟ್ಟಿನವರಾದರೂ ಗದ್ದೆಗೆ ವರ್ಷಕ್ಕೆ ಇಷ್ಟೇ ಸಲ ಇಳಿಯಬೇಕು ಎಂದಿರಲಿಲ್ಲ, ನೇಗಿಲು ಎಳೆದ ಗೀರಿಗೆ ದಂಡ ಹಾಕಿರಲಿಲ್ಲ. ಈ ಚಾಲಗೇಣಿ ನಮಗೆ ಬೇಡವೆಂದು ಎದ್ದೆ. ಮ್ಯಾನೇಜರು ಬಾಗಿಲ ತನಕ ಬಂದು ಮೂರು ನುಣುಪು ಕಾಗದ ಕೊಟ್ಟು, "ಅಮ್ಮ, ಇದಕ್ ಡಿಕ್ಲರೇಶನ್ ಬ್ಯಾಡ, ಇಟ್ಕಣಿ," ಎಂದರು.

ಹೀಗೆ ಮೂರು ದಾರಿಯಲ್ಲಿ ಎರಡು ಮುಚ್ಚಿದವು, ಉಳಿದದ್ದು ನನ್ನ ಗದ್ದೆಯ ಮೇಲೆ ಹಾದು ಹೋಗುವ ದಾರಿ.

ನಮ್ಮವರು ತಡ ಮಾಡುವವರಲ್ಲ. ಕೋಟೇಶ್ವರದ ಟೈಲ್ಸ್ ಅಂಗಡಿಯ ಒಬ್ಬರು ಹೆದ್ದಾರಿ ಬದಿಯಲ್ಲಿ ಜಾಗ ಹುಡುಕುತ್ತಿದ್ದರು. ಎರಡನೇ ದಿನಕ್ಕೇ ಅಳತೆಯ ಟೇಪು ಹಿಡಿದು ಬಂದರು. "ಚಂದ ಜಾಗ. ಮೂವತ್ತ್ ಲೋಡ್ ಮಣ್ಣ್ ಹಾಕಿರ್ ಸಾಕ್, ರಸ್ತಿ ಸಮಕ್ ಬತ್ತ್," ಎಂದರು. ಗದ್ದೆಯಲ್ಲಿ ಮಣ್ಣಿಲ್ಲ ಎಂದು ನನಗೆ ಅಂದೇ ತಿಳಿದದ್ದು.

ಅವರು ಹೋದ ಮೇಲೆ ನಾನು ನಮ್ಮವರ ಎದುರು ನಿಂತೆ. "ಹ್ವಾಯ್, ಅದ್ ಅಪ್ಪಯ್ಯ ಕೊಟ್ಟದ್ದ್. ನನ್ನೊಂದ್ ಮಾತ್ ಕೇಂಬುದಾ ಬ್ಯಾಡ್ದಾ?"

"ಕೇಂತೆ. ನಿಂಗೆ ಗದ್ದೆ ದೊಡ್ದಾ, ಮೊಮ್ಮಗ್ಳ್ ದೊಡ್ದಾ?"

ನೋಡಿ, ಗಲ್ಲೆಯಲ್ಲಿ ಮೂವತ್ತು ವರ್ಷ ಕೂತವರು ಹೇಗೆ ಕೇಳುತ್ತಾರೆ. ಚಿಲ್ಲರೆ ವಾಪಸು ಕೊಡಲು ಜಾಗವೇ ಇಲ್ಲದ ಪ್ರಶ್ನೆ. ಒಂಬತ್ತು ವರ್ಷ ನಾನು ಯಾವ ಮುಖ ಕಾಣಲು ಕಾದಿದ್ದೆನೋ, ಆ ಮುಖದ ಎದುರು ಹತ್ತು ಸೆಂಟ್ಸ್ ಇಟ್ಟು ತೂಗಿ ಎಂದರೆ ನಾನು ಏನು ಹೇಳಲಿ? ಸೊಸೆಯಾದರೂ ಹೇಳಿಯಾಳು ಎಂದು ಫೋನು ಮಾಡಿದೆ.

"ಅತ್ತೆ, ಗದ್ದೆ ಮಾರುದ್ ಬ್ಯಾಡ ಅಂತ ಮಾವನಿಗ್ ಹೇಳಿ," ಎಂದಳು ಅವಳು.

"ನೀನೇ ಹೇಳ್."

"ನಂಗ್ ಹೆದ್ರಿಕಿ."

"ನಂಗ್ ಹೆದ್ರಿಕಿ ಇಲ್ಲೆ ಮಗಾ, ಉತ್ರ ಇಲ್ಲೆ," ಎಂದೆ.

ಕೊನೆಗೆ ಒಪ್ಪಿದೆ. ಮಗು ಮನೆಗೆ ಬರುವ ದಿನವೇ ಸಂಜೆ ಕರಾರಿಗೆ ಸಹಿ ಎಂದಾಯಿತು. ಒಳ್ಳೆಯ ದಿನ ಒಂದೇ ಇರುವುದರಿಂದ ಬರುವುದು ಹೋಗುವುದು ಎರಡಕ್ಕೂ ಅದೇ ಸಾಕು ಎಂದು ಇವರ ಲೆಕ್ಕ. ಆ ದುಡ್ಡು ಬಂದ ಮೇಲೆ ಹೊಸ ಕಾರು. ಅಲ್ಲಿಯ ತನಕ, ಅಂದರೆ ಆ ಒಂದು ದಿನಕ್ಕೆ, ಬಾಡಿಗೆ ಕಾರು. ಸ್ವಂತ ಕಾರಿನಲ್ಲೇ ಮಗು ಬರಬೇಕು ಎಂದು ಶುರುವಾದ ಇಡೀ ರಾಮಾಯಣದಲ್ಲಿ ಮಗು ಬರುವ ದಿನಕ್ಕೆ ಸ್ವಂತ ಕಾರು ಇಲ್ಲ ಎಂಬುದನ್ನು ನಾನು ಎತ್ತಿ ತೋರಿಸಲಿಲ್ಲ. ಆಗಲೇ ಹೇಳಿದೆನಲ್ಲ, ಸತ್ಯ ಸಂಗತಿಗೆ ಬೆಲೆ ಕಡಿಮೆ.

ಅಂದು ಬ್ರಹ್ಮಾವರದಲ್ಲಿ ಬೀಗರ ಮನೆಯ ಊಟ ಮುಗಿಸಿ ಮಧ್ಯಾಹ್ನ ಹೊರಟೆವು. ಬಿಳಿ ಕಾರು. ಮುಂದೆ ಡ್ರೈವರನ ಪಕ್ಕ ನಮ್ಮವರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಪಂಚೆಯಲ್ಲಿ, ಕಾರಿಗೆ ಜೋಡಿ. ಹಿಂದೆ ರಾಘು, ಜ್ಯೋತಿ, ನಾನು. ನನ್ನ ಮಡಿಲಲ್ಲಿ ಮಹಾರಾಣಿ.

"ಗ್ಲಾಸ್ ಏರ್ಸ್, ಏಸಿ ಹಾಕ್," ಎಂದು ಇವರು ಡ್ರೈವರನಿಗೆ ಹೇಳಿದರು. "ಮಗಿಗ್ ಧೂಳ್ ತಾಗೂಕಾಗ."

ಗಾಜು ಏರಿತು. ತಣ್ಣನೆ ಗಾಳಿ ಬಂತು. ಅದರ ಜೊತೆಗೆ ಮುಂದೆ ಇಟ್ಟಿದ್ದ ಒಂದು ಸೀಸೆಯಿಂದ ಮಲ್ಲಿಗೆ, ಫಿನಾಯಿಲ್ ಎರಡೂ ಕೂಡಿದ ಹಾಗಿನ ಪರಿಮಳ ಬಂತು. ಮಗು ಹುಬ್ಬು ಗಂಟಿಕ್ಕಿತು. ಆಕಳಿಸಲಿಕ್ಕೆ ಯೋಚಿಸುತ್ತಿದ್ದಾಳೆ ಎಂದುಕೊಂಡೆ. ಅಲ್ಲ. ಸಾಲಿಗ್ರಾಮ ಮುಟ್ಟುವ ಮೊದಲೇ ಶುರು ಮಾಡಿದಳು. ಅಳು ಎಂದರೆ ಸಾಮಾನ್ಯ ಅಳುವಲ್ಲ, ಮುಚ್ಚಿದ ಕಾರಿನಲ್ಲಿ ಹೊರಗೆ ಹೋಗಲು ದಾರಿಯಿಲ್ಲದೆ ತಿರುಗಿ ತಿರುಗಿ ನಮ್ಮ ಕಿವಿಗೇ ಬರುವ ಅಳು. ಜ್ಯೋತಿ ಹಾಲು ಕೊಟ್ಟಳು. ಕುಡಿದಳು, ಕೋಟ ದಾಟುತ್ತಿದ್ದಂತೆ ಎಲ್ಲವನ್ನೂ ನನ್ನ ಹೊಸ ಸೀರೆಗೆ ವಾಪಸು ಕೊಟ್ಟಳು.

"ನಿಂಗ್ ಎತ್ತೂಕೆ ಬತ್ತಿಲ್ಲೆ, ಇತ್ಲಾಯ್ ಕೊಡ್," ಎಂದು ನಮ್ಮವರು ಕೈ ಚಾಚಿದರು. ಕೊಟ್ಟೆ. ತೆಕ್ಕಟ್ಟೆಯಲ್ಲಿ ಅವರಿಗೂ ಪಾಲು ಸಿಕ್ಕಿತು, ಇಸ್ತ್ರಿಯ ಬಿಳಿ ಅಂಗಿಯ ಮೇಲೆ, ಕಾಲರಿನಿಂದ ಕಿಸೆಯ ತನಕ.

ಕೋಟೇಶ್ವರದಲ್ಲಿ ಕಾರು ನಿಲ್ಲಿಸಿದೆವು. ನಾನು ಮಗುವನ್ನು ಹೊತ್ತು ಕೆಳಗಿಳಿದೆ. ಅಳು ನಿಂತಿತು. ಒಳಗೆ ಕೂತೆ, ಶುರುವಾಯಿತು. ಇಳಿದೆ, ನಿಂತಿತು. ರಿಪೇರಿಯವನಾದ ರಾಘು ನನ್ನನ್ನು ಇನ್ನೆರಡು ಸಲ ಹತ್ತಿಸಿ ಇಳಿಸಿ ಪರೀಕ್ಷೆ ಮಾಡಿ, "ಸ್ವಿಚ್ ಸಮಾ ಕೆಲ್ಸ ಮಾಡ್ತಿತ್ತ್," ಎಂದ.

ಅಷ್ಟರಲ್ಲಿ ಬೈಂದೂರಿನ ಬಸ್ಸು ಬಂತು. ನಮ್ಮ ಕಡೆಯ ಖಾಸಗಿ ಬಸ್ಸಿನ ಹಾರನ್ನು ನಿಮಗೆ ಗೊತ್ತಲ್ಲ, ಸತ್ತವರನ್ನು ಎಬ್ಬಿಸುವಂಥದ್ದು. ಆ ಹಾರನ್ನು ಕೇಳಿ ನನ್ನ ಮೊಮ್ಮಗಳು ತಲೆ ತಿರುಗಿಸಿ ನಕ್ಕಳು. ಹಲ್ಲಿಲ್ಲದ ಇಡೀ ಬಾಯಿ ತೆರೆದು ನಕ್ಕಳು. ನಾನು ಮತ್ತೆ ಯೋಚನೆ ಮಾಡಲಿಲ್ಲ.

"ಜ್ಯೋತಿ, ಹತ್ತ್."

"ಹ್ವಾಯ್, ಎಲ್ಲಿಗ್ ಹೋಪುದ್ ನೀವ್?" ಎಂದು ಹಿಂದಿನಿಂದ ನಮ್ಮವರ ಕೂಗು.

"ಮನಿಗೆ," ಎಂದೆ ಮೆಟ್ಟಿಲ ಮೇಲಿನಿಂದ. "ನೀವ್ ಕಾರಗ್ ಬನ್ನಿ, ಬಾಡ್ಗಿ ಕೊಟ್ಟಾಯಿತ್ತಲೆ."

ಒಬ್ಬ ಪುಣ್ಯಾತ್ಮ ಕಿಟಕಿಯ ಸೀಟು ಬಿಟ್ಟುಕೊಟ್ಟ. ಗಾಳಿ ಭರ್ರೆಂದು ಮುಖಕ್ಕೆ ಬಡಿಯಿತು, ಧೂಳು ಸಮೇತ. ಮಗು ಕಣ್ಣು ಕಿರಿದು ಮಾಡಿ ಅದನ್ನು ಕುಡಿಯಿತು. ಕಂಡಕ್ಟರ್ ಬಂದಾಗ ಮೂರು ಟಿಕೆಟ್ ಕೇಳಿದೆ. ಸರಕಾರಿ ಬಸ್ಸಿನಲ್ಲಾದರೆ ಹೆಂಗಸರಿಗೆ ದುಡ್ಡಿಲ್ಲ ಎನ್ನುತ್ತಾರೆ, ನಮ್ಮ ಕಡೆ ಆ ಪುಣ್ಯ ಕಾದವರಿಗೆ ಮಾತ್ರ.

"ಮೂರ್ನೇದ್ ಯಾರಮ್ಮ?" ಎಂದ ಕಂಡಕ್ಟರ್.

"ಇದೇ."

"ಮಗಿಗ್ ಟಿಕೆಟ್ ಇಲ್ಲೆ."

"ಒಂಬತ್ತ್ ವರ್ಷ ಕಾದ್ ಬಂದದ್ದ್ ಮಾರಾಯಾ. ಪುಕ್ಕಟ್ಟೆ ಕರ್ಕಂಡ್ ಹೋಪುಕೆ ಮನಸ್ಸ್ ಬತ್ತಿಲ್ಲೆ. ಕೊಡ್ ನೀನ್."

ಅವನು ನನ್ನ ಸೀರೆಯ ಅವಸ್ಥೆಯನ್ನೂ ನನ್ನ ಮುಖವನ್ನೂ ನೋಡಿ, ವಾದ ಮಾಡಿ ಉಪಯೋಗವಿಲ್ಲವೆಂದು ತಿಳಿದು, ಟಿಕೆಟ್ ಹರಿದು ಮಗುವಿನ ಮುಷ್ಟಿಗೇ ಸಿಕ್ಕಿಸಿದ. ಅವಳು ಅದನ್ನು ಬಾಯಿಗಿಟ್ಟಳು. ಕುಂದಾಪುರದಲ್ಲಿ ಮೀನಿನ ಹೆಂಗಸರು ಖಾಲಿ ಬುಟ್ಟಿ ಹಿಡಿದು ಹತ್ತಿದರು. ಮೊಮ್ಮಗಳು ಅವರಲ್ಲಿ ಒಬ್ಬಳ ಬಳೆಗಳನ್ನು ಹಿಡಿದು ಎಳೆಯುತ್ತ ಎಳೆಯುತ್ತ ಹೆಮ್ಮಾಡಿಯ ಹತ್ತಿರ ನಿದ್ದೆ ಹೋದಳು. ಆ ಹಾರನ್ನಿಗೆ, ಆ ಗದ್ದಲಕ್ಕೆ, ಮರವಂತೆಯಲ್ಲಿ ಕಡಲು ರಸ್ತೆಯ ಪಕ್ಕಕ್ಕೇ ಬಂದು ಬೊಬ್ಬೆ ಹೊಡೆದರೂ ಎಚ್ಚರವಿಲ್ಲ.

ನಾನು ಹಿಂದೆ ತಿರುಗಿ ನೋಡಿದೆ. ಬಿಳಿ ಕಾರು ಬಸ್ಸಿನ ಹಿಂದೆಯೇ ಬರುತ್ತಿತ್ತು. ಬಸ್ಸು ನಿಂತಲ್ಲೆಲ್ಲ ಅದೂ ನಿಲ್ಲುತ್ತಿತ್ತು. ಮುಂದಿನ ಗಾಜಿನಲ್ಲಿ ನಮ್ಮವರ ಮುಖ, ಕುತ್ತಿಗೆ ಉದ್ದ ಮಾಡಿಕೊಂಡು. ಬಸ್ಸಿನೊಳಗೆ ಮಂತ್ರಿ ಯಾರೋ ಇದ್ದಾರೆಂದು ದಾರಿಯ ಜನ ತಿಳಿದಿರಬೇಕು. ಇದ್ದದ್ದು ಹೌದು.

"ಅತ್ತೆ, ಮಾವನ್ ಮುಖ ಕಾಣಿ, ಪಾಪ," ಎಂದಳು ಜ್ಯೋತಿ.

"ಕಂಡೆ. ಅದ್ಕೇ ತಿರ್ಗಿ ಕೂಕಂಡದ್ದ್," ಎಂದೆ.

ನಾವುಂದದಲ್ಲಿ ಇಳಿದರೆ ಗದ್ದೆಯ ಅಂಚಿನಲ್ಲೇ ಟೈಲ್ಸ್ ಅಂಗಡಿಯವರು ಕಾಯುತ್ತಿದ್ದರು. ಕಂಕುಳಲ್ಲಿ ಫೈಲು. ಕಾರು ಬಂದು ನಿಂತು ನಮ್ಮವರು ಇಳಿದರು. ಅಂಗಿಯ ಮೇಲಿನ ಹಾಲು ಒಣಗಿ ಭೂಪಟದ ಹಾಗಾಗಿತ್ತು.

"ಬನ್ನಿ ಬನ್ನಿ. ಒಳ್ಳೆ ಹೊತ್ತಿಗ್ ಬಂದ್ರಿ. ಸಹಿ ಹಾಕ್ಸ್ವನಾ?" ಎಂದರು ಟೈಲ್ಸಿನವರು.

ನಾನು ಮಗುವನ್ನು ಎಡಗೈಗೆ ದಾಟಿಸಿ ಬಲಗೈ ಚಾಚಿದೆ. ಒಪ್ಪಿಯಾಗಿತ್ತಲ್ಲ. ಸಹಿಯನ್ನು ಹಿಂದಿನ ದಿನವೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಐದಾರು ಸಲ ಬರೆದು ಕೈ ಪಳಗಿಸಿಕೊಂಡಿದ್ದೆ. ಗದ್ದೆಯ ಕಡೆ ಮಾತ್ರ ನೋಡಲಿಲ್ಲ.

"ಬ್ಯಾಡ," ಎಂದರು ನಮ್ಮವರು.

"ಎಂತ ಬ್ಯಾಡ?"

"ಸಹಿ ಬ್ಯಾಡ. ಗದ್ದೆ ಕೊಡುದಿಲ್ಲೆ. ಮಗಿಗ್ ಕಾರ್ ಆತಿಲ್ಲೆ."

ಟೈಲ್ಸಿನವರು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. "ಮಗಿಗ್ ಕಾರ್ ಆಗ್ದಿದ್ದಕ್ಕೂ ನನ್ ಟೈಲ್ಸ್ ಅಂಗ್ಡಿಗೂ ಎಂತ ಸಂಬಂಧ ಮಾರಾಯ್ರೆ?"

ಮೂವತ್ತು ವರ್ಷ ಗಿರಾಕಿಗಳಿಗೆ ಉತ್ತರ ಕೊಟ್ಟವರು ನಮ್ಮವರು. ಅಂಗಿಯನ್ನು ಎರಡು ಬೆರಳಲ್ಲಿ ಮುಂದಕ್ಕೆ ಎಳೆದು ತೋರಿಸಿದರು. "ಸಂಬಂಧ ಇಲ್ಲಿತ್ತ್ ಕಾಣಿ."

ಟೈಲ್ಸಿನವರು ಬಗ್ಗಿ ನೋಡಿ, ವಾಸನೆ ಬಂದಿರಬೇಕು, ಒಂದು ಹೆಜ್ಜೆ ಹಿಂದೆ ಸರಿದರು. ಆದರೂ ವ್ಯಾಪಾರಸ್ಥರು, ಸುಲಭಕ್ಕೆ ಬಿಡುವವರಲ್ಲ. "ಆಯ್ತ್. ಮಗು ದೊಡ್ಡದಾತ್ತಲೆ. ಆಗ ಕಾರೂ ಆತ್ತ್. ಆಗ ಕೊಡ್ತ್ರ್ಯಾ?"

"ಆಗ ಅದ್ರ್ ಹತ್ರವೇ ಕೇಣಿ," ಎಂದರು ನಮ್ಮವರು, ನನ್ನ ಹೆಗಲ ಮೇಲೆ ಬಾಯಿ ತೆರೆದು ಮಲಗಿದ್ದವಳ ಕಡೆ ಗಲ್ಲ ತೋರಿಸಿ. "ಗದ್ದೆ ಅದ್ರದ್ದ್."

ಕೇಳಿದಿರಲ್ಲ. ನನ್ನ ಹೆಸರಿನಲ್ಲಿರುವ ಗದ್ದೆ. ಒಂದು ಮಾತು ಕೇಳದೆ ಅದನ್ನು ಮಾರಲು ಹೊರಟವರು, ಈಗ ಒಂದು ಮಾತು ಕೇಳದೆ ಹೆದ್ದಾರಿಯ ಬದಿಯಲ್ಲಿ ನಿಂತು ದಾನ ಮಾಡಿಬಿಟ್ಟರು. ನನ್ನ ಹತ್ತಿರ ಅದಕ್ಕೆ ತಕ್ಕ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿ ತೆರೆಯಲಿಲ್ಲ. ತೆರೆದರೆ ಮಗು ಏಳುತ್ತಿತ್ತು.